ಫೆಬ್ರವರಿಯ ಸೊನ್ನೆ

ಕಂಡದ್ದನ್ನಷ್ಟೇ ಬರಿ, ಅಂದಳು ಯೇಸೆನಿಯಾ,
ಬರಾನ್‌ಕಿಯಾದಿಂದ ಬಸ್ಸಿಳಿದು ಬಂದವಳು,
ಬಲೆ ತಂದವಳು, ರೆಕ್ಕೆಯ ನರ ನೋಡಲು
ನನಗೊಂದು ಭೂತಗನ್ನಡಿ ಕೊಟ್ಟವಳು.

ನನಗೆ ಗೊತ್ತಿದ್ದದ್ದು ಒಂದೇ ಹೆಸರು:
ಸೈತಾನನ ಕುದುರೆಮರಿ.
ನೀರಿಗೆ ಬಾಲ ಅದ್ದುವುದೆಲ್ಲ,
ಬಟ್ಟೆ ಒಗೆವ ಅವ್ವನ ಮೊಣಕೈ ಮೇಲೆ ಕೂತು
ಸಾಬೂನಿನ ನೊರೆಗೂ ಕದಲದ್ದೆಲ್ಲ
ಕುದುರೆಮರಿಯೇ.
ಈಗ ನನ್ನ ಪುಸ್ತಕದಲ್ಲಿ ನಲವತ್ತೊಂದು ಸಾಲು.

ಕೂತಾಗ ರೆಕ್ಕೆ ಚಾಚಿದ್ದರೆ ಏರೋಪ್ಲೇನ್ ಚಿಟ್ಟೆ,
ಬೆನ್ನಿಗೆ ಮಡಿಚಿದ್ದರೆ ಸೂಜಿಚಿಟ್ಟೆ.
ಅರ್ಧ ತೆರೆದು ಕೂತರೆ?
ತಡೆಯಿರಿ, ಅದು ಆಮೇಲೆ.

ಅಕ್ಟೋಬರಿನಲ್ಲಿ ಬೆರಳು ಸಾಲುವುದಿಲ್ಲ.
ದನದ ಕೆರೆಯ ಮುಳ್ಳುತಂತಿಯಲ್ಲಿ
ಮುಳ್ಳಿಗೊಂದು ಕೆಂಪು,
ತಲೆ ಕೆಳಗೆ, ಬಾಲ ನೆತ್ತಿಯ ಸೂರ್ಯನಿಗೆ ನೆಟ್ಟು.
ಜೊಂಡಿನೊಳಗೆ ನೀಲಿ ದಾರದ ತುಂಡುಗಳು,
ಯಾರದೋ ಹೊಲಿಗೆಪೆಟ್ಟಿಗೆ ಚೆಲ್ಲಿದಂತೆ.
ಬಾವಲಿಗಿಂತ ಒಂದು ಗಳಿಗೆ ಮುಂಚೆ
ಸೊಳ್ಳೆಗೆ ಬರುವ ದೊಡ್ಡ ಕಂದು.
ಮತ್ತೆ ಆ ಉದ್ದನೆಯ ಗಿರಗಿಟ್ಲೆ, ಹಳ್ಳಕ್ಕೆ ಇಳಿಯುವುದೇ ಇಲ್ಲ:
ಮರದ ಪೊಟರೆಯಲ್ಲಿ ನಿಂತ ಬೊಗಸೆ ನೀರು ಸಾಕು ಅದರ ಸಂಸಾರಕ್ಕೆ.
ಬಲೆಯೆದುರು ಗಾಳಿಯಲ್ಲೇ ನಿಂತು
ಜೇಡನನ್ನೇ ಕಿತ್ತು
ಹಿಂದುಹಿಂದಕ್ಕೆ ಹಾರುತ್ತದೆ,
ಮನೆ ಮುಟ್ಟದೆ ಮನೆಯೊಡತಿಯನ್ನು ಕದ್ದ ಕಳ್ಳ.

ಡಿಸೆಂಬರಿಗೆ ಕೆರಿಬಿಯನ್ ಕಡೆಯಿಂದ ಒಣಗಾಳಿ,
ಎಲೆಯೆಲ್ಲ ನೆಲಕ್ಕೆ.
ಜನವರಿಗೆ ಹಳ್ಳ ಏಳು ಗುಂಡಿಯಾಯಿತು,
ಆಮೇಲೆ ಮೂರು,
ಆಮೇಲೆ ಹಂದಿ ಹೊರಳಿದ ಒಂದು.
ಫೆಬ್ರವರಿ ಒಂಬತ್ತು: ಬಿಸಿ ಕಲ್ಲು, ಬಿರುಕು, ಕತ್ತೆಯ ಗೊರಸು.
ನಲವತ್ತೊಂದು ಸಾಲಿಗೂ ಸೊನ್ನೆ ಬರೆದೆ,
ಒಂದರ ಕೆಳಗೊಂದು,
ಕೋಳಿ ಕಾವು ಬಿಟ್ಟೆದ್ದ ಮೊಟ್ಟೆಗಳ ಹಾಗೆ.

ಸೌದೆಗೆ ಹೊರಟ ನೂರಿಸ್ ಅತ್ತೆ ಇಣುಕಿ ನಕ್ಕಳು:
ಅಕ್ಷರ ಬಾರದ ನಾನೂ ಇದನ್ನು ಓದಬಲ್ಲೆ.
ಅಲ್ಲ ಮಗಳೇ, ನೀರು ಹೋದಮೇಲೆ
ನೀರಿನ ಜಾಗದಲ್ಲಿ ಯಾರು ಕೂತಿರುತ್ತಾರೆ?

ಅರ್ಧ ತಾಸು ನಡೆದೆವು,
ತಮ್ಮ ತೊಗಲನ್ನು ತಾವೇ ಸುಲಿದುಕೊಳ್ಳುವ ಕೆಂಪು ಮರಗಳ ನಡುವೆ.
ಒಂದು ಮುಳ್ಳುಪೊದೆಯ ಮುಂದೆ ಅತ್ತೆ ಕತ್ತಿ ಕೆಳಗಿಟ್ಟು
ಕಡ್ಡಿಯೊಂದಕ್ಕೆ ಮೆಲ್ಲನೆ ಉಸಿರೂದಿದಳು.
ಕಡ್ಡಿಯಿಂದ ಒಂದು ಕಡ್ಡಿ ಬೇರೆಯಾಗಿ,
ಕಡ್ಡಿಯ ಆಚೆ ಮಗ್ಗುಲಿಗೆ ಸರಿದು,
ಮತ್ತೆ ಕಡ್ಡಿಯಾಯಿತು.
ರೆಕ್ಕೆ ಅರ್ಧ ತೆರೆದು.
ಬಣ್ಣವಿಲ್ಲ, ಮಳೆಗೆಂದು ಎತ್ತಿಟ್ಟಿದೆ.
ಜೊತೆಯಿಲ್ಲ, ಜಗಳವಿಲ್ಲ, ಬರೀ ಇರುವುದು.
ಇನ್ನೊಂದು. ಇನ್ನೂ ಒಂದು.
ಒಂದೇ ಪೊದೆಯಲ್ಲಿ ಹದಿನಾರು.

ಆ ವರ್ಷ ಕಂಡದ್ದು, ಅಂದಳು.
ಯಾವ ವರ್ಷ ಎಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ.
ಬಂದೂಕಿನವರು ರಾತ್ರಿ ಬಂದದ್ದು,
ಊರಿಗೆ ಊರೇ ಪೇಟೆಯ ಆಟದ ಮೈದಾನದಲ್ಲಿ
ಪ್ಲಾಸ್ಟಿಕ್ ಹೊದ್ದು ಮಲಗಿದ್ದು.
ನಾನು ಇಲ್ಲೇ ಇದ್ದೆ, ನಾಲ್ಕು ಹಗಲು.
ಇವು ಕದಲಲಿಲ್ಲ.
ನಾನೂ.
ಅಷ್ಟು ಹೇಳಿ ಹೊರೆ ಕಟ್ಟಿದಳು, ಎತ್ತು ಅಂದಳು.

ಹಿಂದೆ ಎಷ್ಟು ಬಗೆಯಿದ್ದವು, ಯಾರಾದರೂ ಎಣಿಸಿದ್ದರಾ
ಎಂದು ಯೇಸೆನಿಯಾ ಊರೆಲ್ಲ ಕೇಳಿದ್ದಳು.
ಅವಳ ಹಾಳೆಯಲ್ಲಿ ಆ ವರ್ಷಗಳ ಉದ್ದಕ್ಕೂ ಅಡ್ಡಗೆರೆ.
ಅವಳೇ ಕಲಿಸಿದ್ದು:
ನೋಡಿಯೂ ಕಾಣದಿದ್ದರೆ ಸೊನ್ನೆ,
ನೋಡಲು ಯಾರೂ ಇಲ್ಲದಿದ್ದರೆ ಗೆರೆ.

ರಾತ್ರಿ ಮೂವತ್ತೆಂಟನೇ ಸಾಲಿನ ಸೊನ್ನೆ ಉಜ್ಜಿ
ಹದಿನಾರು ಎಂದು ಬರೆದೆ.
ಷರಾ: ನೀರಿನಿಂದ ದೂರ, ಮುಳ್ಳುಪೊದೆ, ಎದೆಯೆತ್ತರ.
ತೋರಿಸಿದವರು: ನೂರಿಸ್.
ಉಳಿದ ನಲವತ್ತು ಸೊನ್ನೆ ಹಾಗೇ ಇವೆ.
ಅವೂ ಪೆನ್ಸಿಲಿನವೇ.